ಮೈಕೊರೈಜಾ ಪುಡಿ ಹಾಕಿ ಎರಡು ತಿಂಗಳಾಯಿತು, ಗಿಡಗಳಲ್ಲಿ ವ್ಯತ್ಯಾಸವೇ ಇಲ್ಲ

ಕುಂಡದತೋಟ:
ಆರು ಕುಂಡಗಳಲ್ಲಿ ಟೊಮೆಟೊ, ನಾಲ್ಕರಲ್ಲಿ ಮೆಣಸಿನಕಾಯಿ, ಒಂದು ಉದ್ದನೆಯ ತೊಟ್ಟಿಯಲ್ಲಿ ಮೂಲಂಗಿ ಮತ್ತು ಪಾಲಕ್ ಇವೆ. ಎರಡು ತಿಂಗಳ ಹಿಂದೆ ಅರ್ಧ ಕುಂಡಗಳಿಗೆ ಮತ್ತು ತೊಟ್ಟಿಯ ಒಂದು ಬದಿಗೆ ಮೈಕೊರೈಜಾ (ಬೇರಿನೊಂದಿಗೆ ಕೂಡಿ ಬಾಳುವ ಶಿಲೀಂಧ್ರ) ಪುಡಿಯನ್ನು ಮಣ್ಣಿನ ಮೇಲೆ ಉದುರಿಸಿ ನೀರು ಹಾಕಿದೆ. ಪುಡಿ ಕಂಡ ಗಿಡ ಯಾವುದು, ಕಾಣದ ಗಿಡ ಯಾವುದು ಎಂದು ಚೀಟಿ ನೋಡದೆ ಹೇಳಲು ನನಗೇ ಆಗುತ್ತಿಲ್ಲ. ಕುಂಡ ತುಂಬುವಾಗ ಮೂಳೆ ಪುಡಿ ಬೆರೆಸಿದ್ದೆ, ಹದಿನೈದು ದಿನಕ್ಕೊಮ್ಮೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ ಗೊಬ್ಬರ) ಕೊಡುತ್ತೇನೆ. ಒಂದು ಕುಂಡದಲ್ಲಿ ಮಾತ್ರ ಮಣ್ಣಿನ ಮೇಲೆ ಹತ್ತಿಯಂತಹ ಬಿಳಿ ಬಲೆ ಹರಡಿದೆ. ಅದೇ ಮೈಕೊರೈಜಾ ಇರಬಹುದೇ? ಅಥವಾ ಪುಡಿಯೇ ಸತ್ತದ್ದೇ?

ಬೇರುನೋಡುವವ:
ಮೊದಲು ತೊಟ್ಟಿಯನ್ನು ಲೆಕ್ಕದಿಂದ ಬಿಡಿ. ಮೂಲಂಗಿ, ಕೋಸು, ಸಾಸಿವೆ ಒಂದೇ ಕುಟುಂಬದವು. ಪಾಲಕ್ ಮತ್ತು ಬೀಟ್‌ರೂಟ್ ಇನ್ನೊಂದು. ಎರಡೂ ಕುಟುಂಬಗಳು ಈ ಶಿಲೀಂಧ್ರದೊಂದಿಗೆ ಸಾಮಾನ್ಯವಾಗಿ ಸಂಬಂಧವನ್ನೇ ಬೆಳೆಸುವುದಿಲ್ಲ. ಎಷ್ಟು ಪುಡಿ ಸುರಿದರೂ ವ್ಯರ್ಥ.

ಬಿಳಿ ಬಲೆ ಮೈಕೊರೈಜಾ ಅಲ್ಲ. ಕೊಳೆಯುತ್ತಿರುವ ಎಲೆ, ತೊಗಟೆಯನ್ನು ತಿನ್ನುವ ಸಾಧಾರಣ ಬೂಷ್ಟು ಅದು, ಇರಲಿ, ತೊಂದರೆಯಿಲ್ಲ. ಪೈನ್ ಮರದ ಬೇರಿನ ತುದಿಗೆ ಶಿಲೀಂಧ್ರ ಗವಸು ತೊಡಿಸಿದಂತೆ ಸುತ್ತಿಕೊಳ್ಳುವುದು ಬರಿಗಣ್ಣಿಗೆ ಕಾಣುತ್ತದೆ. 1885ರಲ್ಲಿ ಆಲ್ಬರ್ಟ್ ಫ್ರಾಂಕ್ ಮೈಕೊರೈಜಾ ಎಂಬ ಹೆಸರು ಕೊಟ್ಟದ್ದೂ ಅಂತಹ ಮರದ ಬೇರುಗಳನ್ನು ನೋಡಿಯೇ. ಟೊಮೆಟೊದ ಜೊತೆಗಾರ ಬೇರೆ ಜಾತಿ. ಅದು ಬೇರಿನ ಕೋಶದೊಳಗೆ ಹೊಕ್ಕು ಪುಟ್ಟ ಮರದಂತೆ ಕವಲೊಡೆಯುತ್ತದೆ, ಹೊರಗೆ ಏನೂ ತೋರುವುದಿಲ್ಲ.

ಇನ್ನೊಂದು ಮಾತು: ಪುಡಿಯಲ್ಲಿರುವ ಶಿಲೀಂಧ್ರದ ಬೀಜಾಣು ಮೊಳೆತ ಮೇಲೆ ಜೀವಂತ ಬೇರು ಸಿಗದಿದ್ದರೆ ಬದುಕುವುದಿಲ್ಲ. ಮೇಲೆ ಉದುರಿಸಿದರೆ ಬೇರು ತಲುಪುವುದು ಅದೃಷ್ಟದ ಮಾತು. ಸಸಿ ನಾಟಿ ಮಾಡುವಾಗ ಗುಂಡಿಯೊಳಗೆ, ಬೇರಿಗೆ ತಾಗುವಂತೆ ಹಾಕಬೇಕು.

ಕುಂಡದತೋಟ:
ಮೂಲಂಗಿಯ ವಿಷಯ ಪೊಟ್ಟಣದ ಮೇಲೆ ಎಲ್ಲೂ ಬರೆದಿರಲಿಲ್ಲ! ಸರಿ, ಆದರೆ ಒಂದು ಮೆಣಸಿನ ಗಿಡಕ್ಕೆ ನಾಟಿ ಮಾಡುವಾಗಲೇ ಬೇರಿಗೆ ಹಚ್ಚಿದ್ದೆ. ಅದೂ ಹಾಗೆಯೇ ಇದೆ. ಸಸಿ ಕೊಳೆಯಬಾರದೆಂದು ಮರುವಾರ ಕಾರ್ಬೆಂಡಜಿಮ್ ನೀರು ಹಾಕಿದ್ದೆ, ಅಷ್ಟೇ.

ಬೇರುನೋಡುವವ:
ಅತಿಥಿಯನ್ನು ಕರೆದು ಊಟಕ್ಕೆ ವಿಷ ಬಡಿಸಿದಂತಾಯಿತು. ಕಾರ್ಬೆಂಡಜಿಮ್ ಶಿಲೀಂಧ್ರನಾಶಕ, ನಿಮಗೆ ಬೇಕಾದ ಶಿಲೀಂಧ್ರವನ್ನೂ ಅದು ಬಿಡುವುದಿಲ್ಲ.

ಆದರೂ ನನ್ನ ದೊಡ್ಡ ಅನುಮಾನ ಗೊಬ್ಬರದ ಮೇಲೆ. ರಂಜಕ ಮಣ್ಣಿನಲ್ಲಿ ನೀರಿನೊಂದಿಗೆ ಸುಲಭವಾಗಿ ಹರಿಯುವುದಿಲ್ಲ. ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರಿನಲ್ಲಿರುವುದನ್ನು ಹೀರಿದ ಮೇಲೆ ಅಲ್ಲಿ ಬರಗಾಲ. ಬೇರುರೋಮಕ್ಕಿಂತ ಸಪೂರವಾದ ಶಿಲೀಂಧ್ರದ ಎಳೆಗಳು ಆ ಬರಡು ಪಟ್ಟಿಯನ್ನು ದಾಟಿ ಹಲವು ಸೆಂಟಿಮೀಟರ್ ಆಚೆಯಿಂದ ರಂಜಕ ತರುತ್ತವೆ. ಅದು ಪುಕ್ಕಟೆಯಲ್ಲ: ಗಿಡ ತಾನು ತಯಾರಿಸಿದ ಆಹಾರದಲ್ಲಿ ಶೇ. 4ರಿಂದ 20ರಷ್ಟನ್ನು ಸಕ್ಕರೆ ಮತ್ತು ಕೊಬ್ಬಿನ ರೂಪದಲ್ಲಿ ಕೂಲಿ ಕೊಡುತ್ತದೆ. ಮೂಳೆ ಪುಡಿ, ಅದರ ಮೇಲೆ 19:19:19 ಎಂದು ನೀವೇ ರಂಜಕವನ್ನು ಬಾಯಿಗಿಟ್ಟರೆ ಕೂಲಿಯವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಹಸಿದ ಬೇರು ಸ್ಟ್ರೈಗೊಲ್ಯಾಕ್ಟೋನ್ ಎಂಬ ರಾಸಾಯನಿಕವನ್ನು ಸೂಸಿ ಶಿಲೀಂಧ್ರವನ್ನು ಕರೆಯುತ್ತದೆ. ಹೊಟ್ಟೆ ತುಂಬಿದ ಬೇರು ಆ ಕರೆಯನ್ನೇ ತಗ್ಗಿಸುತ್ತದೆ.

ಮಸಿದೌತಿ:
ಪುಡಿಯನ್ನು ಬೈಯುವ ಮೊದಲು ಬೇರನ್ನು ನೋಡಿಬಿಡಿ. ಕೂದಲಿನಷ್ಟು ತೆಳ್ಳನೆಯ ಬೇರುಗಳನ್ನು ತೊಳೆದು, ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಪಾರದರ್ಶಕವಾಗುವವರೆಗೆ ಬಿಸಿ ಮಾಡಿ. ಚರ್ಮ ಸುಡುವ ವಸ್ತು ಅದು: ಕೈಗವಸು, ಕನ್ನಡಕ ಬೇಕೇ ಬೇಕು, ಅಲ್ಯೂಮಿನಿಯಂ ಪಾತ್ರೆ ಬೇಡ, ಅದನ್ನೇ ತಿಂದುಹಾಕುತ್ತದೆ. ಚೆನ್ನಾಗಿ ತೊಳೆದು, ವಿನೆಗರ್‌ಗೆ ಶೇ. 5ರಷ್ಟು ಫೌಂಟನ್ ಪೆನ್ನಿನ ಮಸಿ ಬೆರೆಸಿ ಮೂರು ನಿಮಿಷ ಕುದಿಸಿ. ಆಮೇಲೆ ಎರಡು ಹನಿ ವಿನೆಗರ್ ಹಾಕಿದ ನೀರಿನಲ್ಲಿ ಅದ್ದಿಟ್ಟರೆ ಬೇರಿನ ಬಣ್ಣ ಬಿಡುತ್ತದೆ, ಶಿಲೀಂಧ್ರದ್ದು ಉಳಿಯುತ್ತದೆ. ನೂರು ಪಟ್ಟು ಹಿಗ್ಗಿಸುವ ಸೂಕ್ಷ್ಮದರ್ಶಕ ಸಾಕು.

ಕುಂಡದತೋಟ:
ನೋಡಿದೆ. ಟೊಮೆಟೊ, ಮೆಣಸು ಎರಡೂ ಖಾಲಿ. ಹೋಲಿಕೆಗೆಂದು ಮೂಲೆಯಲ್ಲಿ ಬಿದ್ದಿದ್ದ ಚೆಂಡುಹೂವಿನ ಕುಂಡದಿಂದಲೂ ಬೇರು ತೆಗೆದಿದ್ದೆ. ಅದು ನೆಲದ ಮಣ್ಣು ತುಂಬಿದ ಕುಂಡ. ಪುಡಿ, ಗೊಬ್ಬರ ಯಾವುದನ್ನೂ ಕಂಡದ್ದಲ್ಲ. ಬೇರಿನ ಉದ್ದಕ್ಕೂ ನೀಲಿ ಎಳೆಗಳು, ನಡುನಡುವೆ ದುಂಡನೆಯ ಚೀಲಗಳು, ಕೋಶದೊಳಗೆ ಮಸುಕಾದ ಪೊದೆಗಳು!

ಬೇರುನೋಡುವವ:
ಪೊದೆಗಳೇ ಕೊಡುಕೊಳ್ಳುವಿಕೆ ನಡೆಯುವ ಜಾಗ, ಚೀಲಗಳು ಕೊಬ್ಬಿನ ಉಗ್ರಾಣ. ಆ ಕುಂಡದ ಒಂದು ಹಿಡಿ ಮಣ್ಣನ್ನು ಬೇರಿನ ಚೂರುಗಳ ಸಮೇತ ಮುಂದಿನ ಸಸಿಯ ಗುಂಡಿಗೆ ಹಾಕಿ, ಮೂಳೆ ಪುಡಿ ನಿಲ್ಲಿಸಿ. ಅದಕ್ಕೂ ಮೊದಲು ಚೆಂಡುಹೂವಿನ ಬೇರಿನಲ್ಲಿ ಗಂಟುಗಳಿವೆಯೇ ನೋಡಿ. ಇದ್ದರೆ ಆ ಮಣ್ಣು ಬೇಡ, ಬೇರಿನಲ್ಲಿ ಗಂಟು ಕಟ್ಟಿಸುವ ಜಂತುಹುಳುವೂ ಜೊತೆಗೆ ಬಂದುಬಿಡುತ್ತದೆ.