ಒಐಡಿ ಹುಡುಕುವ ಟೂಲ್ ಸರಿ ಇದೆ, ಏಜೆಂಟ್ ಮಾತ್ರ ತಪ್ಪು ನಂಬರ್ ಕೊಡುತ್ತಿದೆ

ನಾಪೋಕ್ಲು_ನೆಟ್
ತಲೆ ಕೆಟ್ಟು ಹೋಗಿದೆ, ಯಾರಾದರೂ ದಾರಿ ತೋರಿಸಿ. ಕೊಡಗಿನ ನಾಪೋಕ್ಲು, ಭಾಗಮಂಡಲ ಕಡೆಯ ಕೆಲವು ಹೋಂಸ್ಟೇ, ತೋಟದ ಮನೆಗಳ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಮೈಕ್ರೋಟಿಕ್ ರೌಟರ್‌ಗಳು, ಟವರ್ ಬುಡದಲ್ಲಿ ಎಸ್‌ಎನ್‌ಎಂಪಿ ಕಾರ್ಡ್ (ಉಪಕರಣದ ಸ್ಥಿತಿಯನ್ನು ದೂರದಿಂದ ಓದುವ ಪದ್ಧತಿಗೆ) ಇರುವ ಯುಪಿಎಸ್. ಕಕ್ಕಡ ತಿಂಗಳ ಮಳೆಗೆ ಮರ ಬಿದ್ದು ಕರೆಂಟ್ ಹೋದರೆ ಯಾವ ಯುಪಿಎಸ್ ಎಷ್ಟು ಹೊತ್ತು ತಡೆಯುತ್ತದೆ ಅಂತ ಎಐ ಏಜೆಂಟ್ ಹೇಳಬೇಕು. ಅದಕ್ಕೆ ಎಸ್‌ಎನ್‌ಎಂಪಿ ಟ್ರಾನ್ಸ್‌ಲೇಟ್ ಕಮಾಂಡ್ ಬಳಸಿ ಸಣ್ಣ ಟೂಲ್ ಮಾಡಿದೆ. ಹೆಸರು ಕೊಟ್ಟರೆ ಒಐಡಿ (ಉಪಕರಣದ ಒಂದೊಂದು ಮಾಹಿತಿಗೂ ಇರುವ ಚುಕ್ಕೆ ನಂಬರ್), ಒಐಡಿ ಕೊಟ್ಟರೆ ಹೆಸರು. ಏಜೆಂಟ್ ಓದಲಿ ಅಂತ ಡಾಕ್ಯುಮೆಂಟ್ ಕೂಡ ಬರೆದಿದ್ದೇನೆ.

ನಾನು ಟರ್ಮಿನಲ್‌ನಲ್ಲಿ ಓಡಿಸಿದರೆ ಎಲ್ಲ ಸರಿ. ನಿನ್ನೆ ರಾತ್ರಿ ಏಜೆಂಟ್ "ಭಾಗಮಂಡಲದ ಯುಪಿಎಸ್‌ನಲ್ಲಿ ಇನ್ನೂ 95 ನಿಮಿಷ ಇದೆ" ಅಂದಿತು. ಅರ್ಧ ಗಂಟೆಯೊಳಗೆ ಲಿಂಕ್ ಡೌನ್. ಡಾಕ್ಯುಮೆಂಟ್‌ನಲ್ಲಿ ಇನ್ನೇನು ಬರೆಯಬೇಕು?

ಕುಶಾಲನಗರ_ಲಿನಕ್ಸ್
ಯಾವ ಎಐ ಮಾಡೆಲ್? ಲೋಕಲ್ ಸಣ್ಣ ಮಾಡೆಲ್ ಆದರೆ ಡಾಕ್ಯುಮೆಂಟ್ ಎಷ್ಟು ಬರೆದರೂ ಅಷ್ಟೇ. ಮೊದಲು ಮಾಡೆಲ್ ಬದಲಿಸಿ.

ಸಿದ್ದಾಪುರ_ಟವರ್
ಆ 95 ಎಲ್ಲಿಂದ ಬಂತು ನೋಡಿ. ಯುಪಿಎಸ್ ಮಿಬ್‌ನಲ್ಲಿ, ಅಂದರೆ ಆರ್‌ಎಫ್‌ಸಿ 1628 ಎಂಬ ಮಾನದಂಡದಲ್ಲಿ (ಮಿಬ್ ಅಂದರೆ ಯಾವ ನಂಬರ್‌ಗೆ ಯಾವ ಹೆಸರು, ಏನು ಅರ್ಥ ಅಂತ ಹೇಳುವ ಪಟ್ಟಿ), ಉಳಿದ ನಿಮಿಷಕ್ಕೆ 1.3.6.1.2.1.33.1.2.3.0. ಅದರ ಪಕ್ಕದ್ದು 1.3.6.1.2.1.33.1.2.4.0, ಬ್ಯಾಟರಿ ಚಾರ್ಜ್ ಶೇಕಡಾವಾರು. ನಿಮ್ಮ ಏಜೆಂಟ್ ಪಕ್ಕದ್ದನ್ನು ಓದಿದೆ. 95 ಪರ್ಸೆಂಟ್ ಅನ್ನುವುದನ್ನು 95 ನಿಮಿಷ ಅಂದಿದೆ.

ಕುಶಾಲನಗರ_ಲಿನಕ್ಸ್
ಅದೇ ನಾನು ಹೇಳಿದ್ದು. ದೊಡ್ಡ ಮಾಡೆಲ್ ಆಗಿದ್ದರೆ 3 ಯಾವುದು 4 ಯಾವುದು ಅಂತ ಗೊತ್ತಿರುತ್ತಿತ್ತು.

ನಾಪೋಕ್ಲು_ನೆಟ್
ದೊಡ್ಡದನ್ನೇ ಹಾಕಿ ನೋಡಿದೆ ಅಣ್ಣ. ಯುಪಿಎಸ್ ಸರಿ ಹೇಳಿತು. ಮೈಕ್ರೋಟಿಕ್ ಕೇಳಿದರೆ 1.3.6.1.4.1.14988 (ಮೈಕ್ರೋಟಿಕ್ ಕಂಪನಿಯ ನಂಬರ್) ತನಕ ಸರಿ, ಆಮೇಲೆ ಮಿಬ್‌ನಲ್ಲಿ ಇಲ್ಲವೇ ಇಲ್ಲದ ನಂಬರ್.

ಕುಶಾಲನಗರ_ಲಿನಕ್ಸ್
ಮಾಡೆಲ್‌ನ ಟೆಂಪರೇಚರ್ (ಉತ್ತರ ಎಷ್ಟು ಬದಲಾಗಬಹುದು ಅನ್ನುವ ಸೆಟ್ಟಿಂಗ್) ಸೊನ್ನೆ ಮಾಡಿ. ಅದೂ ಆಗದಿದ್ದರೆ ಇನ್ನೊಂದು ಮಾಡೆಲ್ ಹೇಳುತ್ತೇನೆ.

ಗೋಣಿಕೊಪ್ಪ_ರೌಟರ್
ಕಮ್ಯುನಿಟಿ ಸ್ಟ್ರಿಂಗ್ (ಎಸ್‌ಎನ್‌ಎಂಪಿಯ ಪಾಸ್‌ವರ್ಡ್ ಥರದ್ದು) ಇನ್ನೂ ಪಬ್ಲಿಕ್ ಅಂತಲೇ ಇದೆಯಾ? ಏಜೆಂಟ್ ಕೈಗೆ ಕೊಡುವಾಗ ಎಸ್‌ಎನ್‌ಎಂಪಿಯ ಭದ್ರ ಆವೃತ್ತಿ ವಿ3 ಬೇಕೇ ಬೇಕು. ಹಳೇ ಆವೃತ್ತಿ ವಿ2ಸಿಯಲ್ಲಿ ಸ್ಟ್ರಿಂಗ್ ಬಯಲಲ್ಲೇ ಹೋಗುತ್ತದೆ.

ಕುಶಾಲನಗರ_ಲಿನಕ್ಸ್
ಮ್ಯಾನೇಜ್‌ಮೆಂಟ್ ವಿಲ್ಯಾನ್ (ನಿರ್ವಹಣೆಗೆ ಬೇರ್ಪಡಿಸಿದ ನೆಟ್‌ವರ್ಕ್ ಭಾಗ) ಬೇರೆ ಇದ್ದು, ಓದುವ ಅನುಮತಿ ಮಾತ್ರ ಕೊಟ್ಟರೆ ಸಾಕು. ಹಳೇ ಯುಪಿಎಸ್ ಕಾರ್ಡ್‌ಗಳಲ್ಲಿ ವಿ3 ಇರುವುದೇ ಕಡಿಮೆ.

ಗೋಣಿಕೊಪ್ಪ_ರೌಟರ್
ಸಾಕು ಅಂತ ನೀವು ಹೇಳಿದರೆ ಆಗುತ್ತಾ? ನಾಳೆ ತೋಟದ ಗೆಸ್ಟ್ ವೈಫೈಯಲ್ಲಿ ಯಾರೋ ಕೂತು ನೋಡಿದರೆ?

ಸೋಮವಾರಪೇಟೆ_ಸೋಲಾರ್
ನಾನು ಯುಪಿಎಸ್ ತೆಗೆದೇ ಬಿಟ್ಟೆ. ಲಿಥಿಯಂ ಬ್ಯಾಟರಿ, ಮೇಲೆ ಸೋಲಾರ್. ಮಳೆ ಅಳೆಯುವ ಗೇಜ್ ಕೂಡ ನೆಟ್ ಎಸ್‌ಎನ್‌ಎಂಪಿಯ ಎಕ್ಸ್‌ಟೆಂಡ್ (ನಮ್ಮ ಸ್ಕ್ರಿಪ್ಟ್‌ನ ಅಂಕಿ ಸೇರಿಸುವ ಸೌಲಭ್ಯ) ಹಾಕಿ ಅದೇ ಗ್ರಾಫ್‌ನಲ್ಲಿ ತಂದಿದ್ದೇನೆ. ಮಳೆ ಜೋರಾದಾಗ ಸಿಗ್ನಲ್ ಇಳಿಯುವುದು ಚೆನ್ನಾಗಿ ಕಾಣುತ್ತದೆ. ಬೇಕಾದರೆ ಫೋಟೋ ಹಾಕುತ್ತೇನೆ.

ಸಿದ್ದಾಪುರ_ಟವರ್
ಫೋಟೋ ಹಾಕಿ ಸರ್, ಬೇರೆ ಥ್ರೆಡ್‌ನಲ್ಲಿ. ವಿ3 ಮಾತೂ ಅಲ್ಲೇ ಆಗಲಿ.

ನಾಪೋಕ್ಲು, ಒಂದು ಕೆಲಸ ಮಾಡಿ. ನೀವು ಓಡಿಸಬೇಡಿ, ಏಜೆಂಟ್ ಕೈಯಲ್ಲೇ ಟೂಲ್ ಓಡಿಸಿ. 1.3.6.1.2.1.1.1.0 ಕೊಡಿ. ಏಜೆಂಟ್ ಹೇಳಿದ ಉತ್ತರ ಬೇಡ, ಟೂಲ್‌ನಿಂದ ಬಂದ ಸಾಲು ಹಾಗೇ ಹಾಕಿ.

ನಾಪೋಕ್ಲು_ನೆಟ್
ಬಂದಿದ್ದು ಇಷ್ಟೇ: ಐಎಸ್‌ಒ.3.6.1.2.1.1.1.0
ಹೆಸರು ಕೊಟ್ಟು ಕೇಳಿದರೆ ಖಾಲಿ, ಏನೂ ಬರುವುದಿಲ್ಲ. ನನ್ನ ಟರ್ಮಿನಲ್‌ನಲ್ಲಿ ಅದೇ ನಂಬರ್‌ಗೆ ಸಿಸ್‌ಡೆಸ್ಕ್ರ್.0 (ಉಪಕರಣದ ವಿವರಣೆಯ ಹೆಸರು) ಅಂತ ಬರುತ್ತದೆ. ಏಜೆಂಟ್ ಇರುವುದು ಡಾಕರ್ ಕಂಟೇನರ್ (ಹೊರಗಿನ ಫೈಲ್‌ಗಳು ತಾನಾಗಿ ಕಾಣದ ಪ್ರತ್ಯೇಕ ಪರಿಸರ) ಒಳಗೆ, ಡೆಬಿಯನ್ ಲಿನಕ್ಸ್ ಇಮೇಜ್.

ಸಿದ್ದಾಪುರ_ಟವರ್
ಕಂಟೇನರ್ ಅನ್ನುವುದು ಮೊದಲ ಪೋಸ್ಟ್‌ನಲ್ಲೇ ಬೇಕಿತ್ತು ಮಾರಾಯ್ರೆ! ಮಾಡೆಲ್ ಮೇಲೆ ಯಾಕೆ ಅಷ್ಟು ಗುದ್ದಾಡಿದೆವು.

ಸಾಲಿನ ಶುರುವಲ್ಲಿ ಐಎಸ್‌ಒ ಬಂದರೆ ಒಳಗೆ ಒಂದೂ ಮಿಬ್ ಲೋಡ್ ಆಗಿಲ್ಲ ಅಂತಲೇ ಅರ್ಥ. ಡೆಬಿಯನ್‌ನಲ್ಲಿ ಲೈಸೆನ್ಸ್ ಕಾರಣಕ್ಕೆ ಮಿಬ್ ಫೈಲ್‌ಗಳು ತಾನಾಗಿ ಬರುವುದಿಲ್ಲ, ಬೇರೆ ಪ್ಯಾಕೇಜ್‌ನಿಂದ ತರಿಸಿಕೊಳ್ಳಬೇಕು. ಎಸ್‌ಎನ್‌ಎಂಪಿ ಕಾನ್ಫ್ (ಸೆಟ್ಟಿಂಗ್) ಫೈಲ್‌ನಲ್ಲಿ "ಮಿಬ್ಸ್" ಅಂತ ಬರೆದು ಬರೀ ಕೋಲನ್ ಇಟ್ಟ ಸಾಲೂ ಇರುತ್ತದೆ. ಅದಿರುವ ತನಕ ಯಾವುದೂ ತಾನಾಗಿ ಲೋಡ್ ಆಗಲ್ಲ. ನಿಮ್ಮ ಮಿಬ್ ಫೋಲ್ಡರನ್ನು ಓದಲು ಮಾತ್ರ ಆಗುವಂತೆ ಕಂಟೇನರ್‌ಗೆ ಮೌಂಟ್ ಮಾಡಿ, ಆ ಸಾಲಿನ ಮುಂದೆ ಹ್ಯಾಷ್ (#) ಹಾಕಿ, ಆಗ ಆ ಸಾಲು ಲೆಕ್ಕಕ್ಕಿಲ್ಲ.

ಈಗ ಡಾಕ್ಯುಮೆಂಟ್ ವಿಷಯ. ನನಗೆ ಮುಖ್ಯ ಅನಿಸುವುದು ಇದೇ. ಹೆಸರು ಸಿಗದಿದ್ದಾಗ ಕಮಾಂಡ್ ಬರೆಯುವ ತಪ್ಪಿನ ಮಾತು ಎಸ್‌ಟಿಡಿ ಎರರ್‌ಗೆ (ತಪ್ಪಿನ ಸಂದೇಶಗಳಿಗೆ ಇರುವ ಬೇರೆ ದಾರಿಗೆ) ಹೋಗುತ್ತದೆ. ನಿಮ್ಮ ಟೂಲ್ ಅದನ್ನು ಬಿಸಾಡುತ್ತಿದೆ ಅಂತ ಕಾಣುತ್ತದೆ. ಹಾಗಾಗಿ ಏಜೆಂಟ್‌ಗೆ ಸಿಗುವುದು ಖಾಲಿ ಉತ್ತರ. ಖಾಲಿ ಬಂದರೆ ಏನು ಮಾಡಬೇಕು ಅಂತ ಡಾಕ್ಯುಮೆಂಟ್‌ನಲ್ಲಿ ಇಲ್ಲದಿದ್ದರೆ ಅದು ತನ್ನ ನೆನಪಿನಿಂದ ನಂಬರ್ ಹೇಳುತ್ತದೆ. ಮನುಷ್ಯರಿಗೆ ಬರೆಯುವಾಗ ಸರಿಯಾದ ಉದಾಹರಣೆ ಒಂದಿದ್ದರೆ ಸಾಕು. ಏಜೆಂಟ್‌ಗೆ ತಪ್ಪಿನ ಉದಾಹರಣೆಯೂ ಬೇಕು: ಖಾಲಿ ಬಂದರೆ, ಐಎಸ್‌ಒ ಅಂತ ಶುರುವಾದರೆ, "ಸಿಗಲಿಲ್ಲ" ಅಂತ ಹೇಳಿ ನಿಲ್ಲು, ಊಹಿಸಬೇಡ. ಟೂಲ್ ಕೂಡ ಖಾಲಿ ಬಿಡದೆ ಅದನ್ನೇ ಬಾಯಿಬಿಟ್ಟು ಹೇಳಲಿ.

ಯೂನಿಟ್ ಕೂಡ ಬರಲಿ. ಕಮಾಂಡ್‌ಗೆ ಟಿಡಿ (-Td) ಆಪ್ಷನ್ ಕೊಟ್ಟರೆ ಮಿಬ್‌ನ ವಿವರ ಪೂರ್ತಿ ಬರುತ್ತದೆ. ಯುಪಿಎಸ್ ಮಿಬ್‌ನಲ್ಲಿ ಬ್ಯಾಟರಿ ವೋಲ್ಟೇಜ್ 0.1 ವೋಲ್ಟ್ ಲೆಕ್ಕ. 540 ಅಂದರೆ 54 ವೋಲ್ಟ್. ಸಿಸ್‌ಅಪ್‌ಟೈಮ್ (ಎಷ್ಟು ಹೊತ್ತಿನಿಂದ ಚಾಲೂ ಇದೆ ಅನ್ನುವುದು) ಸೆಕೆಂಡಿನ ನೂರನೇ ಭಾಗ. ಇವು ಗೊತ್ತಿಲ್ಲದಿದ್ದರೆ ಒಐಡಿ ಸರಿ ಇದ್ದರೂ ಉತ್ತರ ತಪ್ಪುತ್ತದೆ.

ಕುಶಾಲನಗರ_ಲಿನಕ್ಸ್
ಊಹಿಸಬೇಡ ಅಂದರೂ ಸಣ್ಣ ಮಾಡೆಲ್ ಊಹಿಸುತ್ತದೆ. ನೋಡಿ ಬೇಕಾದರೆ.

ನಾಪೋಕ್ಲು_ನೆಟ್
ಮಿಬ್ ಮೌಂಟ್ ಮಾಡಿದೆ, ಕಾನ್ಫ್ ಸಾಲಿಗೆ ಹ್ಯಾಷ್ ಹಾಕಿದೆ. ಹಳೇ ಸಣ್ಣ ಮಾಡೆಲ್ಲೇ ಈಗ ಯುಪಿಎಸ್, ಮೈಕ್ರೋಟಿಕ್ ಎರಡೂ ಸರಿ ಹೇಳುತ್ತಿದೆ. ಬೇಕಂತಲೇ ಇಲ್ಲದ ಹೆಸರು ಕೊಟ್ಟೆ, "ಸಿಗಲಿಲ್ಲ, ಮಿಬ್ ಫೈಲ್ ಕೊಡಿ" ಅಂತು. ಸಿದ್ದಾಪುರದ ಅಣ್ಣನಿಗೆ ತುಂಬಾ ಥ್ಯಾಂಕ್ಸ್.

ಉಳಿದಿರುವುದು ಫೈಬರ್ ಕಡೆಯ ಓಎಲ್‌ಟಿ (ಮನೆಗಳ ಫೈಬರ್‌ಗಳು ಬಂದು ಸೇರುವ ಮುಖ್ಯ ಸಾಧನ). ಅದರ ಖಾಸಗಿ ಮಿಬ್ ನನ್ನ ಹತ್ತಿರ ಇಲ್ಲ, ಮಾರಿದವರು ಕೊಡುತ್ತಿಲ್ಲ. ವಾಕ್ ಮಾಡಿದರೆ (ಎಲ್ಲ ಒಐಡಿ ಸಾಲಾಗಿ ಓದಿದರೆ) ಎಂಟರ್‌ಪ್ರೈಸಸ್ (ಕಂಪನಿಗಳ ಖಾಸಗಿ ನಂಬರ್‌ಗಳ ಕವಲು) ಕೆಳಗೆ ಬರೀ ನಂಬರ್‌ಗಳು. ಇಂಥದ್ದಕ್ಕೆ ಕೈಯಾರೆ ಪಟ್ಟಿ ಮಾಡಿಟ್ಟವರು ಯಾರಾದರೂ ಇದ್ದೀರಾ?

ಗೋಣಿಕೊಪ್ಪ_ರೌಟರ್
ಯಾವ ಓಎಲ್‌ಟಿ? ಫೈಬರ್ ತಂತ್ರಜ್ಞಾನ ಇಪಾನ್ ಅಥವಾ ಜಿಪಾನ್? ಸಿಸ್‌ಆಬ್ಜೆಕ್ಟ್‌ಐಡಿ (ಸಾಧನ ಯಾವುದು ಅಂತ ಗುರುತಿಸುವ ಒಐಡಿ) ಏನು ಬರುತ್ತದೆ ಹಾಕಿ, ನನ್ನ ಹತ್ತಿರ ಇರುವುದರ ಜೊತೆ ಹೋಲಿಸಿ ನೋಡುತ್ತೇನೆ. ವಿ3 ಥ್ರೆಡ್ ಬೇರೆ ಶುರು ಮಾಡಿದ್ದೇನೆ.