ಮರು: ‘ಮದ್ದಿನ ವೈನ್’ಗೆ ‘ಅರಿಷ್ಟ’ ಅನ್ನಬಹುದೇ? (ಚೀಟಿಗೆ ತುರ್ತಾಗಿ ಬೇಕು)

> ಜರ್ಮನಿಯ ಸನ್ಯಾಸಿನಿ ಹಿಲ್ಡೆಗಾರ್ಡ್ (1098–1179) ಹೇಳಿದ ಪಾರ್ಸ್ಲಿ ವೈನನ್ನು ಪ್ರದರ್ಶನಕ್ಕೆಂದು ಮತ್ತೆ ಮಾಡುತ್ತಿದ್ದೇವೆ. ಬಾಟಲಿಯ ಚೀಟಿ ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಸೊಪ್ಪು ಹಾಕಿ ಕುದಿಸುವುದರಿಂದ ‘ಅರಿಷ್ಟ’ ಸರಿಹೋದೀತೇ?

ಸರಿಹೋಗದು. ಕುದಿಸಿದ್ದೆಲ್ಲ ಅರಿಷ್ಟವಲ್ಲ. ಮದ್ದನ್ನು ಬೇಯಿಸದೆ ಹುದುಗಿಸಿದ್ದು ಆಸವ, ಕಷಾಯ ಇಳಿಸಿ ಹುದುಗಿಸಿದ್ದು ಅರಿಷ್ಟ ಎಂದು ಆಯುರ್ವೇದದ ಹಳೆಯ ಗ್ರಂಥ ಶಾರ್ಙ್ಗಧರ ಸಂಹಿತೆ ಬಿಡಿಸಿ ಹೇಳಿದೆ. ಎರಡರಲ್ಲೂ ಮದ್ದು ಮೊದಲು, ಹುದುಗು ಆಮೇಲೆ. ದ್ರವಕ್ಕೆ ಬೆಲ್ಲ, ಜೇನು ಬೆರೆಸುತ್ತಾರೆ. ಆ ಸಿಹಿಯಿಂದಲೇ ಹುದುಗು ಏಳುವುದು. ಹಿಲ್ಡೆಗಾರ್ಡಳದು ತಿರುವುಮುರುವು. ಅವಳ ಮದ್ದಿನ ಪುಸ್ತಕ ‘ಫಿಸಿಕಾ’ದಲ್ಲಿ ವೈನ್ ಆಗಲೇ ಆಗಿರುತ್ತದೆ. ಅದಕ್ಕೆ ಪಾರ್ಸ್ಲಿ, ತುಸು ವಿನೆಗರ್, ಸಾಕಷ್ಟು ಜೇನು ಹಾಕಿ ಬೇಯಿಸಿ ಬಟ್ಟೆಯಲ್ಲಿ ಸೋಸುತ್ತಾರೆ. ಮದ್ಯಸಾರ ಸುಮಾರು 78 ಡಿಗ್ರಿಗೇ ಕುದಿಯುವುದರಿಂದ ಒಂದಷ್ಟು ಹಾರಿಯೂ ಹೋಗುತ್ತದೆ. ಇದು ವೈನಿನಲ್ಲಿ ಕಾಯಿಸಿದ ಕಷಾಯ, ಅಷ್ಟೆ.

ಇನ್ನೊಂದು ತೊಡಕು. ಅವಳು ಇದನ್ನು ಹೇಳಿರುವುದು ಎದೆ, ಗುಲ್ಮ (ಸ್ಪ್ಲೀನ್), ಪಕ್ಕೆಗಳ ನೋವಿಗೆ. ಆದರೆ ಆಯುರ್ವೇದದ ಚರಕಸಂಹಿತೆಯ ಇಂದ್ರಿಯಸ್ಥಾನವೆಂಬ ಭಾಗದಲ್ಲಿ ಅರಿಷ್ಟವೆಂದರೆ ಸಾವಿನ ಸೂಚನೆ. ಮನೆಮಾತಿನಲ್ಲೂ ಅರಿಷ್ಟ ಕೇಡೇ. ಅಶ್ವಗಂಧಾರಿಷ್ಟದ ಹಾಗೆ ಮುಂದೊಂದು ಹೆಸರು ಅಂಟಿದಾಗ ಮಾತ್ರ ಜನ ಅದನ್ನು ಔಷಧಿ ಎಂದು ಓದುತ್ತಾರೆ.

ನಿನ್ನೆ ಒಬ್ಬರು ‘ಮದ್ದು’ ‘ಮದ್ಯ’ದ ತದ್ಭವ, ‘ಮದ್ದು’ ಎಂದರೆ ಔಷಧಿ, ಹೆಂಡ ಎರಡೂ ಬಂತು ಎಂದು ಬರೆದಿದ್ದಾರೆ. ತಪ್ಪು. ಮದ್ಯ ಪ್ರಾಕೃತದಲ್ಲಿ ‘ಮಜ್ಜ’ ಆಗುತ್ತದೆ. ನಮ್ಮ ಮದ್ದು ಹಳಗನ್ನಡದ ‘ಮರ್ದು’, ತಮಿಳಿನ ‘ಮರುಂದು’ವಿನ ಒಡಹುಟ್ಟು. ತೆಲುಗಿನಲ್ಲಿ ‘ಮಂದು’ ಔಷಧಿಗೂ ಹೆಂಡಕ್ಕೂ ಸಲ್ಲುತ್ತದೆ ನಿಜ, ಆದರೆ ಅದು ತೆಲುಗಿನವರ ಬಳಕೆ. ಅದರಿಂದ ಕನ್ನಡಕ್ಕೆ ವ್ಯುತ್ಪತ್ತಿ ಹೊಸೆಯಬಾರದು.

‘ವೈನ್’ ಪರಭಾಷೆಯದು, ‘ದ್ರಾಕ್ಷಾರಸ’ ಎನ್ನಿ ಎಂಬ ಹಟ ನನಗೆ ಒಪ್ಪಿಗೆಯಿಲ್ಲ. ದ್ರಾಕ್ಷಾರಸ ಮಾತ್ರ ಕನ್ನಡದ ಬೇರಿನದೇ? ಬೈಬಲ್ ಓದುವವರನ್ನು ಬಿಟ್ಟರೆ ಉಳಿದವರಿಗೆ ಅದು ಹಣ್ಣಿನಂಗಡಿಯ ಜ್ಯೂಸು. ಇಂಗ್ಲಿಷಿನ ವೈನ್, ಜರ್ಮನ್ನಿನ ವಾಯ್ನ್ ಎರಡೂ ಲ್ಯಾಟಿನ್ನಿನ ‘ವೀನಮ್’ನಿಂದ ಬಂದವು. ಅವರು ಪದ ತಂದು ತಮ್ಮದು ಮಾಡಿಕೊಂಡರು. ನಮಗೂ ವೈನ್ ಬಾಯಿಗೆ ಬಂದಾಗಿದೆ, ‘ವೈನಿಗೆ’, ‘ವೈನಿನಲ್ಲಿ’ ಎಂದು ವಿಭಕ್ತಿಯೂ ಹತ್ತಿದೆ. ಸಂಸ್ಕೃತದಿಂದ ಬಂದರೆ ಸ್ವಂತದ್ದು, ಪಶ್ಚಿಮದಿಂದ ಬಂದರೆ ಮೈಲಿಗೆ ಎಂಬ ಲೆಕ್ಕವನ್ನು ಈ ಬಳಗದಲ್ಲಿ ಇನ್ನಾದರೂ ಬಿಡೋಣ.

ಚೀಟಿಯಲ್ಲಿ ದೊಡ್ಡದಾಗಿ ‘ಮದ್ದಿನ ವೈನ್’ ಎಂದು ಹಾಕಿ, ಕೆಳಗೆ ‘ಪಾರ್ಸ್ಲಿ, ಜೇನು ಹಾಕಿ ಕಾಯಿಸಿದ್ದು’ ಎನ್ನಿ. ಪಾರ್ಸ್ಲಿಯನ್ನು ಕೊತ್ತಂಬರಿ ಮಾಡಬೇಡಿ, ಅದು ಬೇರೆ ಸೊಪ್ಪು. ಮುಂದೆ ದ್ರಾಕ್ಷಿಯ ಹಸಿ ರಸದಲ್ಲೇ ಗಿಡಮೂಲಿಕೆ ಹಾಕಿ ಹುದುಗಿಸುವ ಬಗೆಯನ್ನು ಮಾಡಿದರೆ ಅದಕ್ಕೆ ‘ಆಸವ’ ಎನ್ನಲು ನನ್ನ ಅಡ್ಡಿಯಿಲ್ಲ. ಫಲಕದಲ್ಲಿ ಗ್ರಾಂ, ಚಮಚದ ಲೆಕ್ಕ ಕೊಡುವುದಾದರೆ ಅದು ನಿಮ್ಮದೆಂದು ಬರೆಯಿರಿ. ಹಿಲ್ಡೆಗಾರ್ಡ್ ಈ ವೈನಿಗೆ ಅಳತೆ ಕೊಟ್ಟಿಲ್ಲ.