ಮುಕ್ತಿನಾಥದಿಂದ ಆಯಿಗೆ ವಿಡಿಯೋ ಕಾಲ್ ಹೋಗುತ್ತದಾ?

ಶಿರಸಿಯವ: ಮುಂದಿನ ತಿಂಗಳು ಅಪ್ಪಯ್ಯನ ಜೊತೆ ನೇಪಾಳದ ಮುಕ್ತಿನಾಥಕ್ಕೆ ಹೊರಟಿದ್ದೇನೆ. ಮನೆಯಲ್ಲಿ ಉಳಿಯುವ ಆಯಿಗೆ ದಿನಾ ವಿಡಿಯೋ ಕಾಲ್ ಬೇಕಂತೆ. ನಮ್ಮಲ್ಲೇ ತೋಟದ ಬೇಲಿ ಹತ್ತಿರ ನಿಂತರೆ ಮಾತ್ರ ಸಿಗ್ನಲ್! ಇಲ್ಲಿನ ಸಿಮ್ ಅಲ್ಲಿ ನಡೆಯುತ್ತದಾ?

ಕಾರವಾರದವಳು: ರೋಮಿಂಗ್ ಪ್ಯಾಕ್ ಹಾಕಿದರೆ ಮಾತ್ರ. ಕಾಠ್ಮಂಡುವಿನಲ್ಲೇ ಎನ್‌ಸೆಲ್ ಅಥವಾ ನೇಪಾಳ ಟೆಲಿಕಾಂ ಸಿಮ್ ತಗೊಳ್ಳಿ. ಆಧಾರ್ ನಂಬಿಕೊಂಡು ಹೋಗಬೇಡಿ. ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಇರಲಿ, ಒಂದೆರಡು ಫೋಟೋನೂ. ವಾಟ್ಸಾಪ್ ನಂಬರ್ ಬದಲಿಸಲಾ ಅಂತ ಕೇಳಿದರೆ ಬೇಡ ಅನ್ನಿ, ಹಳೇದೇ ನಡೆಯುತ್ತದೆ.

ಕುಮಟಾದಿಂದ: ಗುಡ್ಡದ ಕಡೆ ನೇಪಾಳ ಟೆಲಿಕಾಂ ವಾಸಿ. ಆದರೂ ಮುಕ್ತಿನಾಥದ ದಾರಿಯ ಕಾಳಿಗಂಡಕಿ ಕಣಿವೆಯ ತಿರುವುಗಳಲ್ಲಿ ಯಾವ ಸಿಮ್ಮೂ ಕೈಕೊಡಬಹುದು. ಮ್ಯಾಪನ್ನು ಪೋಖರಾದ ವೈಫೈಯಲ್ಲೇ ಇಳಿಸಿಕೊಳ್ಳಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ನಾನಂತೂ ಫೋನನ್ನು ಕಂಬಳಿಯೊಳಗೆ ಇಟ್ಟುಕೊಂಡೇ ಮಲಗಿದ್ದೆ. ಮತ್ತೆ, ಅಲ್ಲಿನ ಗಡಿಯಾರ 15 ನಿಮಿಷ ಮುಂದೆ.

ಶಿರಸಿಯವ: ಹಾಗಾದ್ರೆ ಆಯಿಗೆ ಈಗಲೇ ಹೇಳಿಡ್ತೇನೆ, ಫೋನ್ ಬರದಿದ್ದರೆ ಗಾಬರಿಯಾಗಬೇಡ ಅಂತ.